ಎಸ್‌ಇಒ ಸೇವೆಗೆ ದರ ಕಟ್ಟುವ ಬಗೆ

ಕಳೆದ ಮಾರ್ಚ್ ತಿಂಗಳ ಕೊನೆಯ ವಾರ, ವರ್ಷಾಂತ್ಯದ ಲೆಕ್ಕಪತ್ರಗಳ ಒತ್ತಡದ ನಡುವೆ, ಕುರುಗೋಡಿನ ಯುವಕರೊಬ್ಬರು ಬಳ್ಳಾರಿಯ ನಮ್ಮ ಕಚೇರಿಗೆ ಬಂದಿದ್ದರು. ಮನೆಯಲ್ಲಿಯೇ ಕುಳಿತು ಸ್ವತಂತ್ರವಾಗಿ ಎಸ್‌ಇಒ ಕೆಲಸ ಮಾಡುವವರು. ಜನರು ಗೂಗಲ್‌ನಲ್ಲಿ ಸರಕನ್ನು ಹುಡುಕಿದಾಗ ವ್ಯಾಪಾರಿಯ ವೆಬ್‌ಸೈಟ್ ಮೇಲಿನ ಸಾಲುಗಳಲ್ಲಿ ಕಾಣುವಂತೆ ಅದರ ಬರಹ, ರಚನೆಗಳನ್ನು ಸಜ್ಜುಗೊಳಿಸುವ ಸೇವೆಯಿದು. ಅವರಿಗೆ ನಾಲ್ವರು ಗ್ರಾಹಕರು. ತಲಾ ತಿಂಗಳಿಗೆ 5,000 ರೂ. "ಕೈತುಂಬ ಕೆಲಸವಿದೆ ಸರ್, ಕೈಯಲ್ಲಿ ಹಣ ಮಾತ್ರ ನಿಲ್ಲುವುದಿಲ್ಲ" ಎಂದರು. ಈ 5,000 ಎಂಬ ಅಂಕಿ ಎಲ್ಲಿಂದ ಬಂತೆಂದು ಕೇಳಿದೆ. ಉಳಿದವರೂ ಅಷ್ಟೇ ಕೇಳುತ್ತಾರಂತೆ!

ಕಾಗದ ತೆಗೆದು ಲೆಕ್ಕ ಹಾಕಿದೆವು. ಮನೆ ನಡೆಸಲು ವರ್ಷಕ್ಕೆ 3,60,000 ರೂ. ಬೇಕು. ಇಂಟರ್ನೆಟ್, ವಿದ್ಯುತ್, ಚಂದಾ ಕಟ್ಟಿ ಬಳಸುವ ತಂತ್ರಾಂಶ, ಕಂಪ್ಯೂಟರಿನ ಸವಕಳಿ, ಓಡಾಟ ಇವೆಲ್ಲ ಸೇರಿ 1,20,000. ಒಟ್ಟು 4,80,000. ಭಾನುವಾರ, ಹಬ್ಬ, ಅನಾರೋಗ್ಯ ಕಳೆದರೆ ಉಳಿಯುವುದು ಸುಮಾರು 280 ದಿನ. ದಿನಕ್ಕೆ ಎಂಟು ಗಂಟೆ ದುಡಿದರೂ ಹೊಸ ಗ್ರಾಹಕರ ಹುಡುಕಾಟ, ದೂರವಾಣಿ ಮಾತು, ಬಾಕಿ ವಸೂಲಿ, ಹೊಸದನ್ನು ಕಲಿಯುವುದು ಇವಕ್ಕೇ ಅರ್ಧ ಹೋಗುತ್ತದೆ. ಬಿಲ್ ಮಾಡಬಹುದಾದದ್ದು 1,120 ಗಂಟೆ. ಅಂದರೆ ಗಂಟೆಗೆ ಸುಮಾರು 430 ರೂ. ಅಸಲು. ಒಬ್ಬ ಗ್ರಾಹಕರಿಗೆ ತಿಂಗಳಿಗೆ 20 ಗಂಟೆ ಹಿಡಿಯುತ್ತದೆ. ಅಸಲೇ 8,600 ಆಯಿತು. ಇವರು ಪಡೆಯುತ್ತಿದ್ದುದು 5,000. ನಾಲ್ವರಿಂದ ಬಂದ 20,000ದಲ್ಲಿ ಖರ್ಚು ಕಳೆದು ಮನೆಗೆ ಉಳಿಯುತ್ತಿದ್ದುದು ತಿಂಗಳಿಗೆ ಹತ್ತೇ ಸಾವಿರ.

ನಮ್ಮೂರಿನ ಜೀನ್ಸ್ ಜಾಬ್‌ವರ್ಕ್ ಮಾಡುವವರು ಕೂಲಿ, ದಾರ, ಯಂತ್ರದ ಖರ್ಚು ಲೆಕ್ಕಿಸದೆ ಪೀಸಿನ ದರ ಒಪ್ಪುವುದಿಲ್ಲ. ಇಲ್ಲಿ ಸರಕು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅಸಲೂ ಮರೆತುಹೋಗುತ್ತದೆ.

ಅಸಲು ದರದ ತಳಮಿತಿ ಮಾತ್ರ. ಮೇಲ್ಮಿತಿಯನ್ನು ನಿರ್ಧರಿಸುವುದು ಗ್ರಾಹಕರಿಗೆ ಆಗುವ ಲಾಭ. ಬಳ್ಳಾರಿಯ ಜೀನ್ಸ್ ತಯಾರಕರಿಗೆ ಹೊರರಾಜ್ಯದ ಒಬ್ಬ ಸಗಟು ಖರೀದಿದಾರ ದೊರೆತು, ಸಾವಿರ ಪೀಸಿಗೆ ತಲಾ 30 ರೂ. ಉಳಿದರೆ 30,000 ಆಯಿತು. ತಿಂಗಳ 10,000 ಶುಲ್ಕ ಅವರಿಗೆ ಹೊರೆಯಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯ ಮಾತೇ ಬೇರೆ. ಹಳೆಯ ದಲಾಲರ ಮೂಲಕ ಚೀಲಗಟ್ಟಲೆ ಮಾರುವವರಿಗೆ ಗೂಗಲ್ ಹುಡುಕಾಟದಿಂದ ಬರುವ ವ್ಯಾಪಾರ ಅತ್ಯಲ್ಪ. ಸ್ವಂತ ಹೆಸರಿನ ಸಣ್ಣ ಪ್ಯಾಕೆಟ್ ಮಾರುವ ಯೋಜನೆಯಿಲ್ಲದಿದ್ದರೆ ಅಂಥವರಿಗೆ ಈ ಸೇವೆಯನ್ನು ಮಾರಲೇಬಾರದೆಂಬುದು ನನ್ನ ಅಭಿಪ್ರಾಯ. ಗೂಗಲ್‌ನ ಬಿಸಿನೆಸ್ ಪ್ರೊಫೈಲ್ ಉಚಿತವಾಗಿದೆ. ಅಂಗಡಿಯ ವಿಳಾಸ ತೋರಿಸಲು ಅದೇ ಸಾಕು.

"ಮೊದಲ ಸ್ಥಾನ ಬಂದರೆ ಮಾತ್ರ ಹಣ" ಎಂಬ ಷರತ್ತನ್ನು ಸದಸ್ಯ ಬಾಂಧವರು ಹಾಕುವುದುಂಟು. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ತಿಳಿಸಿದೆ. ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂಬುದೂ ಅದರದೇ ಮಾತು. ಖಾತರಿಯ ಆಸೆಗೆ ಬಿದ್ದವರು ಯಾರೂ ಹುಡುಕದ ಪದಕ್ಕೆ ಮೊದಲ ಸ್ಥಾನ ತೋರಿಸಿ ಬಿಲ್ ಕೊಡುತ್ತಾರೆ. ಇಲ್ಲವೇ ಕೊಂಡಿಗಳನ್ನು ಹಣಕ್ಕೆ ಕೊಂಡು ತುಂಬುತ್ತಾರೆ. ಅಂಥ ಕೊಂಡಿಗಳನ್ನು ನಂಬಿದ ಅನೇಕ ವೆಬ್‌ಸೈಟ್‌ಗಳು 2012ರ ಪೆಂಗ್ವಿನ್ ಪರಿಷ್ಕರಣೆಯಲ್ಲಿ ಕೆಳಗೆ ಕುಸಿದವು. ಆದುದರಿಂದ ಮೊದಲ ತಪಾಸಣೆಗೆ ಒಂದು ನಿಗದಿತ ಮೊತ್ತ, ನಂತರ ಕನಿಷ್ಠ ಆರು ತಿಂಗಳ ಮಾಸಿಕ ಶುಲ್ಕ, ತಿಂಗಳಿಗೊಮ್ಮೆ ಬಂದ ವಿಚಾರಣೆಗಳ ವರದಿ ಎಂಬ ಕರಾರು ಇಬ್ಬರಿಗೂ ಕ್ಷೇಮ.

ತೆರಿಗೆಯ ವಿಷಯ ಚಿಕ್ಕದು. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ಸೇವಾದಾರರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೋಂದಾಯಿತರಾದ ಬಳಿಕ ಶೇ. 18 ಸೇರುತ್ತದೆ. ದರಪತ್ರದಲ್ಲಿ 'ತೆರಿಗೆ ಪ್ರತ್ಯೇಕ' ಎಂದು ಬರೆಯದಿದ್ದರೆ ಅದು ಸ್ವಂತ ಜೇಬಿನಿಂದಲೇ ಹೋಗುತ್ತದೆ. ವೃತ್ತಿಪರ ಶುಲ್ಕದ ಮೇಲೆ ಕಂಪನಿಗಳು ಮೂಲದಲ್ಲಿ ಕಡಿತಗೊಳಿಸುವ ಶೇ. 10 ನಷ್ಟವಲ್ಲ, ಮುಂಗಡ ತೆರಿಗೆಯಷ್ಟೇ. 2025ರ ಏಪ್ರಿಲ್‌ನಿಂದ ಅದರ ಮಿತಿ ವರ್ಷಕ್ಕೆ 50,000 ರೂ.

ಆ ಯುವಕರು 10,000 ರೂ. ದರದ ಹೊಸ ಪತ್ರವನ್ನು ನಾಲ್ವರಿಗೂ ಕಳುಹಿಸಿದರು. ಇಬ್ಬರು ಒಪ್ಪಿದರು, ಒಬ್ಬರು ಬಿಟ್ಟರು. ನಾಲ್ಕನೆಯವರು ಇನ್ನೂ ಚೌಕಾಸಿ ನಡೆಸಿದ್ದಾರೆ; ಅವರದು ಅಕ್ಕಿ ಗಿರಣಿ.