ತಂದೆಯ ಮನೆಯ ವಿಕ್ರಯ ಮತ್ತು ತೆರಿಗೆ

ಒಡೆಯನೊಡನೆ ಇರುವ ಸಂಬಂಧಮಾತ್ರದಿಂದಲೇ ಮತ್ತೊಬ್ಬನ ಸ್ವತ್ತಾಗುವ ಧನವೇ 'ದಾಯ'. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ದಾಯವನ್ನು ಹೀಗೆ ನಿರೂಪಿಸಿರುವನು. ಬೆಲೆ ಕೊಡದೆ ಬಂದ ಇಂಥ ಮನೆಯನ್ನು ಮಕ್ಕಳು ಮಾರಿದಾಗ ಸಲ್ಲಿಸಬೇಕಾದ ತೆರಿಗೆ ಎಷ್ಟೆಂಬುದು, ಉದ್ಯೋಗನಿಮಿತ್ತ ಪರಸ್ಥಳಗಳಲ್ಲಿ ನೆಲಸಿರುವ ಅನೇಕರ ಮುಂದಿರುವ ಪ್ರಶ್ನೆಯಾಗಿದೆ.

ಮೊದಲಿಗೆ, ಮನೆಯು ದಾಯವಾಗಿ ಬಂದಾಗ ತೆರಿಗೆಯಿಲ್ಲ. 1953ರ ಅಧಿನಿಯಮದಂತೆ ಮೃತರ ಆಸ್ತಿಯ ಮೇಲೆ ವಿಧಿಸಲಾಗುತ್ತಿದ್ದ ಎಸ್ಟೇಟ್ ಸುಂಕವು 1985ರಲ್ಲಿ ರದ್ದಾಯಿತು. ತೆರಿಗೆಯ ಪ್ರಶ್ನೆ ಹುಟ್ಟುವುದು ಮನೆಯನ್ನು ಮಾರಿದಾಗ. ಅದೂ ಬಂದ ಹಣದ ಮೇಲಲ್ಲ, ಬಂಡವಾಳ ಲಾಭದ ಮೇಲೆ.

ಈ ಲಾಭವನ್ನು ಎಣಿಸುವಲ್ಲಿ ಎರಡು ತಪ್ಪು ತಿಳಿವಳಿಕೆಗಳುಂಟು. ಮನೆ ಪುಕ್ಕಟೆಯಾಗಿ ಬಂದುದರಿಂದ ಮಾರಿದ ಹಣವೆಲ್ಲವೂ ಲಾಭವೆಂಬುದು ಒಂದು. ತಂದೆ ತೀರಿಕೊಂಡ ದಿನದ ಬೆಲೆಯೇ ಅಸಲೆಂಬುದು ಇನ್ನೊಂದು. ಎರಡೂ ಸರಿಯಲ್ಲ. ತಂದೆಯು ಮನೆಗೆ ತೊಡಗಿಸಿದ ವೆಚ್ಚವೇ ಮಕ್ಕಳ ವೆಚ್ಚ. ತಂದೆಯು ಒಡೆಯನಾಗಿದ್ದ ಕಾಲವೂ ಮಕ್ಕಳ ಕಾಲದೊಡನೆ ಸೇರುವುದು. ಎರಡೂ ಸೇರಿ 24 ತಿಂಗಳನ್ನು ಮೀರಿದರೆ ಅದು ದೀರ್ಘಾವಧಿಯ ಲಾಭ. ಮನೆಯು 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ, ಹಳೆಯ ವೆಚ್ಚಕ್ಕೆ ಬದಲಾಗಿ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಆದರೆ ಅದು ಅಂದಿನ ಮುದ್ರಾಂಕ ಬೆಲೆಯನ್ನು ಮೀರಕೂಡದು. ಅನಂತರ ಮನೆಯ ಅಭಿವೃದ್ಧಿಗೆ ಮಾಡಿದ ವೆಚ್ಚವನ್ನೂ ಕೂಡಿಸಿಕೊಳ್ಳಬಹುದು.

2024ರ ಜುಲೈ 23ರಿಂದ ದೀರ್ಘಾವಧಿಯ ಲಾಭಕ್ಕೆ ತೆರಿಗೆಯ ದರ ಶೇ. 12.5; ಹಣದುಬ್ಬರದ ಸೂಚ್ಯಂಕದಂತೆ ವೆಚ್ಚವನ್ನು ಏರಿಸುವ ಅವಕಾಶ ಈ ಕ್ರಮದಲ್ಲಿಲ್ಲ. ಆದರೆ ಆ ದಿನಕ್ಕೆ ಮೊದಲೇ ಪಡೆದ ಮನೆಯಾದರೆ, ಭಾರತದಲ್ಲಿ ನಿವಾಸಿಗಳಾದವರು ವೆಚ್ಚವನ್ನು ಏರಿಸಿ ಶೇ. 20ರಂತೆಯೂ ಲೆಕ್ಕಹಾಕಿ, ಯಾವುದು ಕಡಮೆಯೋ ಅಷ್ಟನ್ನೇ ತೆರಬಹುದು. ಅನಿವಾಸಿಗಳಿಗೆ ಈ ಆಯ್ಕೆಯಿಲ್ಲ.

ಉದಾಹರಣೆಗೆ, ಧಾರವಾಡದಲ್ಲಿ 1978ರಲ್ಲಿ ತಂದೆ ಕಟ್ಟಿಸಿದ ಮನೆ 2015ರಲ್ಲಿ ಮಗಳಿಗೆ ಬಂದಿತೆನ್ನೋಣ. 2001ರ ಬೆಲೆ 6 ಲಕ್ಷ ರೂಪಾಯಿ. 2024ರ ಡಿಸೆಂಬರಿನಲ್ಲಿ ಮಾರಿದ್ದು 40 ಲಕ್ಷಕ್ಕೆ. ಮೊದಲ ಕ್ರಮದಲ್ಲಿ ಲಾಭ 34 ಲಕ್ಷ, ತೆರಿಗೆ 4,25,000. ಎರಡನೆಯದರಲ್ಲಿ, 2001-02ರಲ್ಲಿ 100 ಆಗಿದ್ದ ಸೂಚ್ಯಂಕ 2024-25ರಲ್ಲಿ 363 ಆದುದರಿಂದ ವೆಚ್ಚವು 21,78,000ಕ್ಕೆ ಏರಿ, ಲಾಭ 18,22,000 ಆಗುವುದು, ತೆರಿಗೆ 3,64,400. ಉಳಿತಾಯ 60,600 ರೂಪಾಯಿ. ಎರಡರ ಮೇಲೂ ಶೇ. 4ರ ಉಪಕರವುಂಟು.

ಲಾಭದ ಹಣದಿಂದ ಎರಡು ವರ್ಷಗಳೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷಗಳೊಳಗೆ ಕಟ್ಟಿಸಿದರೆ, ತೊಡಗಿಸಿದಷ್ಟಕ್ಕೆ ವಿನಾಯಿತಿ ದೊರೆಯುವುದು. ಆರು ತಿಂಗಳೊಳಗೆ, 50 ಲಕ್ಷದ ಮಿತಿಯಲ್ಲಿ, ಗೊತ್ತುಪಡಿಸಿದ ಬಾಂಡುಗಳಲ್ಲಿ ಐದು ವರ್ಷ ಹಣವಿಡುವುದು ಮತ್ತೊಂದು ಮಾರ್ಗ.

ತಂದೆಯ ಸ್ವಯಾರ್ಜಿತ ಮನೆಗೆ ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಪತ್ನಿ, ಪುತ್ರರು, ಪುತ್ರಿಯರು ಹಾಗೂ ಬದುಕಿದ್ದರೆ ಮೃತನ ತಾಯಿ ಸಮಾನ ಹಕ್ಕುದಾರರು. ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿನ ಲಾಭವನ್ನು ಪ್ರತ್ಯೇಕವಾಗಿ ತೋರಿಸತಕ್ಕದ್ದು. ಒಬ್ಬ ಅಣ್ಣನೇ ಹಣವೆಲ್ಲವನ್ನೂ ಪಡೆದು ಅನಂತರ ಹಂಚುವೆನೆಂದರೆ ಲೆಕ್ಕವೂ ಕೆಡುವುದು, ಬಾಂಧವ್ಯವೂ ಕೆಡುವುದು.

ಇಷ್ಟೆಲ್ಲಕ್ಕೂ ಆಧಾರ ಹಳೆಯ ಕಾಗದಪತ್ರಗಳು. ಕ್ರಯಪತ್ರ, ಕಟ್ಟಡದ ಪರವಾನಗಿ, ವೆಚ್ಚದ ರಸೀದಿ, 2001ರ ಬೆಲೆಗೆ ನೋಂದಾಯಿತ ಮೌಲ್ಯಮಾಪಕರ ವರದಿ ಇವು ಕೈಯಲ್ಲಿಲ್ಲದಿದ್ದರೆ, ಕಾನೂನು ಕೊಟ್ಟ ಸೌಲಭ್ಯವನ್ನು ಸಾಧಿಸಿ ತೋರಿಸುವುದು ಕಷ್ಟ. ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ ಈ ಪತ್ರಗಳನ್ನು ಒಂದೆಡೆ ಕೂಡಿಸಿಡುವುದು ಮಕ್ಕಳ ಕರ್ತವ್ಯ. ಗೋಡೆ ಮಾಡುಗಳೊಡನೆ ತಂದೆಯ ಲೆಕ್ಕವೂ ದಾಯವಾಗಿ ಬರುವುದೆಂಬುದನ್ನು ಮರೆಯಲಾಗದು.