ಹಾಜರಿ ಪುಸ್ತಕದಲ್ಲಿ ಹೆಸರು, ಹತ್ತಿ ಹೊಲದಲ್ಲಿ ಹುಡುಗಿ

ನವೆಂಬರ್ ಬಂತೆಂದರೆ ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಬೆಳಕು ಹರಿಯುವ ಮೊದಲೇ ಟಂಟಂ ಮತ್ತು ಸರಕು ವಾಹನಗಳ ಓಡಾಟ ಶುರುವಾಗುತ್ತದೆ. ಹತ್ತಿ ಬಿಡಿಸಲು ಹೊರಟ ಹೆಂಗಸರ ನಡುವೆ ಬುತ್ತಿಗಂಟು ಹಿಡಿದ ಹುಡುಗಿಯರೂ ಇರುತ್ತಾರೆ. ಅವರಲ್ಲಿ ಅನೇಕರು ಶಾಲೆ ಬಿಟ್ಟವರೇನಲ್ಲ, ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇದ್ದೇ ಇದೆ. ಹತ್ತಿ ಮುಗಿದ ಮೇಲೆ ಮೆಣಸಿನಕಾಯಿ. ಅದೂ ಮುಗಿಯುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ.

ಜಗತ್ತು ಹುಡುಗಿಯರ ಓದನ್ನು ಅಳೆಯುವುದು ಇದೇ ಹೆಸರುಗಳಿಂದ. 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನ್ ಅವರ ನೆರವಿನಿಂದ ವಿಶ್ವಸಂಸ್ಥೆಗಾಗಿ ಮಾನವ ಅಭಿವೃದ್ಧಿ ಸೂಚ್ಯಂಕ ರೂಪಿಸಿದರು. 2010ರಲ್ಲಿ ಅದಕ್ಕೆ ‘ನಿರೀಕ್ಷಿತ ಶಾಲಾ ವರ್ಷ’ಗಳು ಸೇರಿದವು. ಇಂದು ಯಾವ ವಯಸ್ಸಿನ ಎಷ್ಟು ಮಕ್ಕಳ ಹೆಸರು ಶಾಲಾ ಕಾಲೇಜಿನಲ್ಲಿದೆಯೋ, ಅದೇ ಪ್ರಮಾಣ ಮುಂದೆಯೂ ಉಳಿದರೆ ಈಗ ಒಂದನೇ ತರಗತಿಗೆ ಸೇರುವ ಮಗು ಎಷ್ಟು ವರ್ಷ ಓದಬಹುದು ಎಂಬುದೇ ಈ ಲೆಕ್ಕ. ದಾಖಲಾತಿ ಎಣಿಕೆಗೆ ಸಿಗುತ್ತದೆ, ಹಾಜರಿ ಸಿಗುವುದಿಲ್ಲ.

2021-22ರ ಮಾನವ ಅಭಿವೃದ್ಧಿ ವರದಿಯಲ್ಲಿ ಭಾರತದ ನಿರೀಕ್ಷಿತ ವರ್ಷಗಳು 11.9, ಬಾಂಗ್ಲಾದೇಶದ್ದು 12.4. ಅಲ್ಲಿ ಹುಡುಗಿಯರು ಹುಡುಗರಿಗಿಂತ ಸುಮಾರು ಒಂದು ವರ್ಷ ಮುಂದಿದ್ದರು. ಮುಂದಿನ ವರದಿಯಲ್ಲಿ ಭಾರತ 12.6ಕ್ಕೇರಿ ಮುಂದೆ ಹೋಯಿತು. ಆದರೂ ನಮಗಿಂತ ಬಡದೇಶವಾಗಿದ್ದ ನೆರೆನಾಡು ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ತಂದ ಬಗೆಯನ್ನು ರಾಯಚೂರು ಕಣ್ಣಿಟ್ಟು ನೋಡಬೇಕು. 1982ರಲ್ಲಿ ಚಾಂದ್‌ಪುರ ಜಿಲ್ಲೆಯ ಶಾಹರಾಸ್ತಿಯಲ್ಲಿ ಹೈಸ್ಕೂಲು ಹುಡುಗಿಯರಿಗೆ ಸಣ್ಣ ಮೊತ್ತದ ಶಿಷ್ಯವೇತನ ಕೊಟ್ಟು ನೋಡಿದರು. 1994ರಲ್ಲಿ ಅದು ದೇಶದ ಗ್ರಾಮೀಣ ಭಾಗಕ್ಕೆಲ್ಲ ಹರಡಿತು. ಷರತ್ತು ಮೂರೇ: ಶೇ 75 ಹಾಜರಿ, ಪರೀಕ್ಷೆಯಲ್ಲಿ ಶೇ 45 ಅಂಕ, ಹತ್ತನೇ ತರಗತಿ ಮುಗಿಯುವವರೆಗೆ ಮದುವೆ ಇಲ್ಲ. ಹುಡುಗಿ ತರಗತಿಯಲ್ಲಿ ಕೂತರೆ ಮಾತ್ರ ದುಡ್ಡು.

ಇತ್ತ ಎಡೆದೊರೆ ನಾಡಾದ ರಾಯಚೂರಿನ ಹಿನ್ನಡೆಗೆ ದೀರ್ಘ ಇತಿಹಾಸವಿದೆ. 1948ರವರೆಗೆ ಇದು ನಿಜಾಮರ ಆಡಳಿತದಲ್ಲಿತ್ತು. ಶಾಲೆಗಳು ವಿರಳ, ಕಲಿಕೆ ಉರ್ದುವಿನಲ್ಲಿ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆಯಂಥ ಪ್ರಯತ್ನಗಳು ನಗರಕ್ಕೆ ಬೆಳಕಾದವು, ಹಳ್ಳಿಯ ಹೆಣ್ಣುಮಕ್ಕಳವರೆಗೆ ಆ ಬೆಳಕು ತಲುಪಲಿಲ್ಲ. 2001ರ ಜನಗಣತಿಯಲ್ಲಿ ಜಿಲ್ಲೆಯ ಮಹಿಳಾ ಸಾಕ್ಷರತೆ ಸುಮಾರು ಶೇ 36, ರಾಜ್ಯದ ಮಾನವ ಅಭಿವೃದ್ಧಿ ಪಟ್ಟಿಯ 27 ಜಿಲ್ಲೆಗಳಲ್ಲಿ ರಾಯಚೂರಿಗೆ ಕೊನೆಯ ಸ್ಥಾನ. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ದೇವದುರ್ಗ, ಮಾನ್ವಿ ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು.

ಆ ಬಳಿಕ ಒಂದೊಂದಾಗಿ ಯೋಜನೆಗಳು ಬಂದವು. ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. 2004ರಲ್ಲಿ ಹಿಂದುಳಿದ ಬ್ಲಾಕ್‌ಗಳ ಹುಡುಗಿಯರಿಗೆಂದೇ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳ ಯೋಜನೆ, 2006ರಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ಮತ್ತು ಎಂಟನೇ ತರಗತಿಗೆ ಸೈಕಲ್ ಬಂದವು. 2001ರ ನಂತರದ ಹತ್ತೇ ವರ್ಷದಲ್ಲಿ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 49ರ ಹತ್ತಿರ ಬಂತು. ಇದು ಸಣ್ಣ ಸಾಧನೆಯಲ್ಲ. ಮಧ್ಯಾಹ್ನದ ಊಟಕ್ಕೆ, ಮೇಷ್ಟರ ಒತ್ತಾಯಕ್ಕೆ, ತಾಯಂದಿರ ಹಟಕ್ಕೆ ಸಿಕ್ಕ ಫಲ.

ಆದರೆ ಎಂಟನೇ ತರಗತಿ ದಾಟುವಾಗ ಹಾದಿ ಕಡಿದಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ. ದೇವದುರ್ಗದ ಹೊಲಗಳ ನಡುವೆ ಚದುರಿದ ದೊಡ್ಡಿಗಳಿಂದ, ತಾಂಡಾಗಳಿಂದ ಹೈಸ್ಕೂಲು ದೂರ. ಕೋವಿಡ್ ಕಾಲದಲ್ಲಿ ಸೈಕಲ್ ನಿಂತಿತು. 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಆದರೆ ದೊಡ್ಡಿಗೆ ಬಸ್ಸೇ ಬಾರದಿದ್ದರೆ ಉಚಿತ ಟಿಕೆಟಿನಿಂದ ಏನು ಫಲ? ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ಗುಳೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ಹದಿಮೂರರ ಹುಡುಗಿಯ ಹೆಗಲಿಗೆ. ಮೈ ನೆರೆದಳೆಂದರೆ ಮದುವೆಯ ಮಾತು ತಾನಾಗಿಯೇ ಏಳುತ್ತದೆ. ಹೊಲದ ಕೂಲಿ ಅದೇ ದಿನ ಕೈಗೆ ಬರುತ್ತದೆ, ಓದಿನ ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. ಈ ಲೆಕ್ಕ ಹಾಕುವ ತಂದೆತಾಯಿಯನ್ನು ಅಜ್ಞಾನಿಗಳೆಂದು ಬೈದು ಫಲವಿಲ್ಲ. ಭಾಗ್ಯಲಕ್ಷ್ಮಿ ಬಾಂಡಿನ ಹಣವೂ ಹದಿನೆಂಟು ತುಂಬಿದ ಮೇಲೆಯೇ ಕೈಸೇರುವುದು. ಶಾಹರಾಸ್ತಿಯ ಯೋಜನೆ ಗೆದ್ದದ್ದು ಹಣ ಓದುವ ವರ್ಷಗಳಲ್ಲೇ ಮನೆ ಮುಟ್ಟಿದ್ದರಿಂದ.

ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ದಶಕ ದಾಟಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕೈಯಲ್ಲಿ ದುಡ್ಡಿದೆ. ಅದರಲ್ಲೊಂದು ಪಾಲನ್ನು ಎಂಟರಿಂದ ಹನ್ನೆರಡನೇ ತರಗತಿಯವರೆಗಿನ ಹುಡುಗಿಯರಿಗೆ ಮೀಸಲಿಡಲಿ: ಹಾಜರಿಗೆ ತಕ್ಕ ಮಾಸಿಕ ಶಿಷ್ಯವೇತನ, ದೊಡ್ಡಿಗಳಿಗೆ ಬೆಳಗ್ಗೆ ಸಂಜೆ ಬಸ್ಸು, ಹತ್ತಿ ಮತ್ತು ಗುಳೆಯ ತಿಂಗಳುಗಳಿಗೆ ತಾಲ್ಲೂಕಿನಲ್ಲೇ ವಸತಿ. ಪ್ರತಿ ಹೈಸ್ಕೂಲೂ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಹುಡುಗಿಯರ ಹಾಜರಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಯಾರ ಮಗಳು ಎಷ್ಟು ದಿನ ಬಂದಿಲ್ಲ ಎಂಬುದು ಊರಿಗೆ ಗೊತ್ತಾದ ದಿನ, ಅವಳನ್ನು ವಾಪಸ್ ಕರೆತರುವ ಹೊಣೆಯೂ ಊರಿನದಾಗುತ್ತದೆ.