ಮೈಸೂರು ಯೂನಿವರ್ಸಿಟಿ ನಮ್ಮ ಮಕ್ಕಳಿಗೂ ಇದೆ



ಚಿನಕುರಳಿಯ ಒಂದು ಸಂಘದ ಸಭೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ತಾಯಿ ನಮ್ಮನ್ನು ಕೇಳಿದರು: "ಸಿಸ್ಟರ್, ಮಗಳು ಪಿಯುಸಿ ಪಾಸಾಗವ್ಳೆ. ಮೈಸೂರು ಯೂನಿವರ್ಸಿಟಿ ಅಂದ್ರೆ ದೊಡ್ಡೋರ ಮಕ್ಕಳಿಗಲ್ವಾ? ನಮ್ಮ ಹುಡುಗಿ ಓದಿರೋದು ಕನ್ನಡ ಮೀಡಿಯಂ." ಪಕ್ಕದಲ್ಲಿ ಕೂತಿದ್ದವರು, "ಗಂಡು ನೋಡ್ತಾವ್ರೆ, ಇನ್ಯಾಕೆ ಓದು?" ಅಂದರು. ಈ ಪ್ರಶ್ನೆ ಅನೇಕ ಸಂಘಗಳಲ್ಲಿ ಬರುವುದರಿಂದ ಉತ್ತರವನ್ನು ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಇದು ಯಾರ ವಿಶ್ವವಿದ್ಯಾನಿಲಯ?

ಕನ್ನಂಬಾಡಿ ಕಟ್ಟೆ ಯಾರ ಕಾಲದ್ದು ಎಂದು ಕೇಳಿದರೆ ನಮ್ಮ ಕಡೆ ಮಕ್ಕಳೂ ಹೇಳುತ್ತವೆ: ನಾಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯ. ಆ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗಲೇ, 1916ರ ಜುಲೈ 27ರಂದು, ಅದೇ ಮಹಾರಾಜರು, ಅದೇ ದಿವಾನರು ಮೈಸೂರು ವಿಶ್ವವಿದ್ಯಾನಿಲಯವನ್ನು ಆರಂಭಿಸಿದರು. ಬ್ರಿಟಿಷರ ನೇರ ಆಡಳಿತವಿಲ್ಲದ ಸೀಮೆಯಲ್ಲಿ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾನಿಲಯ ಇದು. ಗದ್ದೆಗೆ ನೀರು ಬೇಕು, ಮಕ್ಕಳಿಗೆ ವಿದ್ಯೆ ಬೇಕು ಎಂದು ಅವರು ಎರಡನ್ನೂ ಜೊತೆಯಲ್ಲೇ ಮಾಡಿದರು.

ಮಲೆನಾಡಿನ ಕುಪ್ಪಳ್ಳಿಯಿಂದ ಬಂದ ಹುಡುಗನೊಬ್ಬ ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಓದಿ, ಅಲ್ಲೇ ಮೇಷ್ಟ್ರಾಗಿ, 1956ರಿಂದ 1960ರವರೆಗೆ ಇಡೀ ವಿಶ್ವವಿದ್ಯಾನಿಲಯದ ಕುಲಪತಿಯಾದರು. ಅವರೇ ಕುವೆಂಪು. ಎಂ.ಎ., ಎಂ.ಎಸ್ಸಿ. ತರಗತಿಗಳು ನಡೆಯುವ ಮಾನಸಗಂಗೋತ್ರಿಗೆ ಆ ಹೆಸರಿಟ್ಟವರೂ ಅವರೇ. ಹಳ್ಳಿಯ ಮಕ್ಕಳು ಕನ್ನಡದಲ್ಲಿಯೇ ಪದವಿ ಓದಬೇಕೆಂದು ದುಡಿದವರು ಅವರು. ಆದ್ದರಿಂದ "ಕನ್ನಡ ಮೀಡಿಯಂ" ಎಂದು ಹಿಂಜರಿಯಬೇಡಿ. ಬಿ.ಎ.ಯನ್ನು ಇಂದಿಗೂ ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು.

ಪಿಯುಸಿ ಆದವರಿಗೆ ಅಲ್ಲಿ ಏನಿದೆ?

ಪಿಯುಸಿ ಮುಗಿಸಿದವರು ಪದವಿಗೆ ಸೇರುವುದು ಕಾಲೇಜಿಗೆ. ಪಠ್ಯ ನಿಗದಿಪಡಿಸುವುದು, ಪದವಿ ಪತ್ರ ಕೊಡುವುದು ವಿಶ್ವವಿದ್ಯಾನಿಲಯ. ಮುಖ್ಯವಾದ ಮೂರು ಹಳೆಯ ಕಾಲೇಜುಗಳು ಇವು:

• ಮಹಾರಾಜ ಕಾಲೇಜು: ಬಿ.ಎ. ಓದಲು. ಮುಮ್ಮಡಿ ಕೃಷ್ಣರಾಜ ಒಡೆಯರ್ 1833ರಲ್ಲಿ ತೆರೆದ ಶಾಲೆಯೇ ಬೆಳೆದು ಈ ಕಾಲೇಜಾಯಿತು. ರಾಷ್ಟ್ರಪತಿಯಾದ ಡಾ. ರಾಧಾಕೃಷ್ಣನ್ ಮೊದಲು ಇಲ್ಲಿ ಪಾಠ ಹೇಳಿದವರು.
• ಯುವರಾಜ ಕಾಲೇಜು: ಬಿ.ಎಸ್ಸಿ. ಓದಲು.
• ಮಹಾರಾಣಿ ಕಾಲೇಜು: ಹೆಣ್ಣು ಮಕ್ಕಳಿಗೇ ಮೀಸಲು. 1881ರಲ್ಲಿ ಬಾಲಿಕೆಯರ ಶಾಲೆಯಾಗಿ ಆರಂಭವಾದದ್ದು, ಈಗ ಸರ್ಕಾರಿ ಕಾಲೇಜು.

ಬಿ.ಎ.ಗೆ ಪಿಯುಸಿಯ ಯಾವ ವಿಭಾಗದವರೂ ಸೇರಬಹುದು. ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ಸೈನ್ಸ್ ಓದಿರಲೇಬೇಕು. 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂದಿತ್ತು. 2024ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಪದವಿ ಕೈಯಲ್ಲಿದ್ದರೆ ಪಿ.ಡಿ.ಒ., ಕೆ.ಎ.ಎಸ್. ಪರೀಕ್ಷೆ ಬರೆಯಬಹುದು, ಬಿ.ಎಡ್. ಮಾಡಿ ಹೈಸ್ಕೂಲ್ ಟೀಚರ್ ಆಗಬಹುದು.

ಖರ್ಚು ಹೇಗೆ?

ಸರ್ಕಾರಿ ಕಾಲೇಜಿನಲ್ಲಿ ಹೆಣ್ಣು ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. ಪ್ರವೇಶ, ಪರೀಕ್ಷೆ ಮುಂತಾದ ಶುಲ್ಕಗಳನ್ನು ಕಟ್ಟಬೇಕಾಗುತ್ತದೆ. ಬಸ್ಸಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಪಾಂಡವಪುರದಿಂದ ಮೈಸೂರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಗಳು ದುಡ್ಡು ಕೊಡದೆ ಹೋಗಿ ಬರಬಹುದು. ಉಳಿಯಬೇಕಾದರೆ ಬಿ.ಸಿ.ಎಂ. ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ ಅರ್ಜಿ ಹಾಕಿ.

ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌.ಎಸ್‌.ಪಿ. ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ 10 ಮತ್ತು 12ನೇ ತರಗತಿ ಓದಿ ಪದವಿಗೆ ಸೇರಿದ ಹೆಣ್ಣು ಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ಬೇರೆ ಇದೆ, ವರ್ಷಕ್ಕೆ 30,000 ರೂಪಾಯಿ. ಇದಕ್ಕೆ ಅರ್ಜಿಯನ್ನು ಪ್ರತ್ಯೇಕವಾಗಿ ಹಾಕಬೇಕು.

ನಮ್ಮಿಂದಾದ ತಪ್ಪು

ಕೆಲವು ವರ್ಷಗಳ ಹಿಂದೆ ನಮ್ಮ ಸಂಘವೊಂದರ ಸದಸ್ಯೆಯ ಮಗಳು ಬಿ.ಎ.ಗೆ ಸೇರಿದಳು. ನಾವೆಲ್ಲ ಸಂತೋಷಪಟ್ಟು ಸಿಹಿ ಹಂಚಿದೆವು. ಆದರೆ ಅವಳ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಹೊಸದು ಬರುವಷ್ಟರಲ್ಲಿ ವಿದ್ಯಾರ್ಥಿವೇತನದ ಕೊನೆಯ ದಿನ ದಾಟಿತ್ತು. ಕಬ್ಬಿನ ದುಡ್ಡೂ ಆ ವರ್ಷ ತಡವಾಯಿತು. ಎರಡನೇ ವರ್ಷದ ಫೀಸು ಕಟ್ಟುವ ಹೊತ್ತಿಗೆ ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿಯಾಗಿತ್ತು. ಸಿಹಿ ಹಂಚಿದ ನಾವು "ಕಾಗದ ಸರಿ ಇದೆಯಾ ಮಗಳೇ?" ಎಂದು ಒಂದು ಮಾತು ಕೇಳಲಿಲ್ಲ. ನಾಲೆಯಲ್ಲಿ ನೀರು ಹರಿಯುತ್ತಿದ್ದರೂ ತೂಬು ಎತ್ತದಿದ್ದರೆ ಗದ್ದೆ ಒಣಗುತ್ತದೆ. ಆ ಹುಡುಗಿಯ ವಿಷಯದಲ್ಲಿ ಆದದ್ದೂ ಅದೇ.

ಈಗಲೇ ಮಾಡಬೇಕಾದ್ದು

1. ಮಗಳು ಎರಡನೇ ಪಿಯುಸಿಯಲ್ಲಿ ಇರುವಾಗಲೇ ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿ.
2. ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸಿ. ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ.
3. ಫಲಿತಾಂಶ ಬಂದ ಕೂಡಲೇ ಕಾಲೇಜಿಗೆ ಹೋಗಿ ಅರ್ಜಿಯ ಕೊನೆಯ ದಿನ ಕೇಳಿ, ಸಂಘದ ಪುಸ್ತಕದಲ್ಲಿ ಬರೆದಿಡಿ.
4. ಮೊದಲ ಖರ್ಚಿಗೆ ಸಂಘದ ಆಂತರಿಕ ಸಾಲ ಪಡೆಯಿರಿ. ಫೀಸಿಗೆಂದು ಹೊರಗೆ ಹೆಚ್ಚಿನ ಬಡ್ಡಿಗೆ ಕೈ ಚಾಚಬೇಡಿ.

ಇನ್ನೊಂದು ಮಾತು. ಪಿಯುಸಿ ಮುಗಿಸಿ, ಮದುವೆಯಾಗಿ ಓದು ನಿಲ್ಲಿಸಿದ ಸದಸ್ಯೆಯರೂ ನಮ್ಮಲ್ಲಿ ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದಿಂದ ಬೆಳೆದು 1996ರಲ್ಲಿ ಬೇರೆಯಾಗಿಯೇ ನಿಂತ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ನೀವು ಮನೆಯಲ್ಲಿದ್ದುಕೊಂಡೇ ಬಿ.ಎ. ಓದಬಹುದು. ವಯಸ್ಸಾಯಿತು ಎಂದು ನಾಚಬೇಡಿ.

ಅಂದು ಪ್ರಶ್ನೆ ಕೇಳಿದ ತಾಯಿಗೆ ನಾವು ಹೇಳಿದ್ದು ಇಷ್ಟು: "ಮದುವೆ ಮೂರು ವರ್ಷ ಕಾಯುತ್ತದಮ್ಮ, ಅರ್ಜಿಯ ಕೊನೆಯ ದಿನ ಕಾಯುವುದಿಲ್ಲ."

ಮುಂದಿನ ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಲ್ಲಿ ಈ ವರ್ಷ ಪಿಯುಸಿ ಮುಗಿಸುವ ಮಕ್ಕಳು ಯಾರು? ಅವರ ಕಾಗದ ಪತ್ರ ನೋಡುವ ಜವಾಬ್ದಾರಿ ಯಾರದು?